ಮಣ್ಣಿನ ಮಾಳಿಗೆ ಕಿತ್ತ ಮೇಲೆ

ಹುನಗುಂದ ತಾಲ್ಲೂಕಿನ ಕಮತಗಿ ಇಳಕಲ್ ಸೀರೆ ನೇಯುವ ಊರು. ಇಲ್ಲಿನ ನೇಕಾರರ ಹಳೆಯ ಮನೆಗಳಲ್ಲಿ ಕುಣಿಮಗ್ಗಕ್ಕೆ ಬೇರೆ ಕೋಣೆ ಇರುವುದಿಲ್ಲ. ಪಡಸಾಲೆಯ ನೆಲದಲ್ಲೇ ಕುಣಿ ತೋಡಿರುತ್ತದೆ, ನೇಯುವವರು ಅದರೊಳಗೆ ಕಾಲು ಇಳಿಬಿಟ್ಟು ಕೂರುತ್ತಾರೆ. ಮೇಲಿಂದ ಕೆಸರುನೀರಿನ ಒಂದು ಹನಿ ಬಿಗಿದ ಹಾಸಿನ ಮೇಲೆ ಬಿದ್ದರೆ ಆ ಸೀರೆಗೆ ಬೆಲೆ ಸಿಗುವುದಿಲ್ಲ. ಕುಣಿಯೊಳಗೆ ನೀರು ಇಳಿದರಂತೂ ಮಗ್ಗವೇ ನಿಲ್ಲುತ್ತದೆ. ಹಾಗಾಗಿ ‘ಮಾಳಿಗಿ ಸೋರಾಕ ಹತ್ತೇತಿ’ ಎಂಬ ಮಾತು ಇಂಥ ಮನೆಯಲ್ಲಿ ಕೇಳಿಬಂದರೆ ಆ ವಾರದ ದುಡಿಮೆಗೂ ಕುತ್ತು ಬಂತೆಂದೇ ಲೆಕ್ಕ.

ಸೋರುವ ಮಾಳಿಗೆಯನ್ನು ಕಿತ್ತು ತಗಡು ಹೊದಿಸಬೇಕೋ, ಸ್ಲ್ಯಾಬ್ ಹಾಕಿಸಬೇಕೋ ಎಂದು ಬಾಗಲಕೋಟೆ ಜಿಲ್ಲೆಯ ಸಾವಿರಾರು ಕುಟುಂಬಗಳು ಇಂದು ಯೋಚಿಸುತ್ತಿವೆ. ಕೈಯಲ್ಲಿ ಎಷ್ಟು ದುಡ್ಡಿದೆ ಎಂಬುದೊಂದರ ಮೇಲೆಯೇ ಆ ತೀರ್ಮಾನ ಆಗಿಬಿಡುತ್ತಿದೆ. ಆದರೆ ಅದಕ್ಕೂ ಮೊದಲು ಗೋಡೆಯನ್ನೂ ನಮ್ಮ ಬಿಸಿಲನ್ನೂ ಕೇಳಬೇಕು.

ಮಣ್ಣಿನ ಮಾಳಿಗೆಯನ್ನು ಹಿಂದುಳಿದವರ ಸೂರು ಎಂದು ತಳ್ಳಿಹಾಕುವವರು ಅದರ ಕಟ್ಟಣೆಯನ್ನು ಒಮ್ಮೆ ನೋಡಬೇಕು. ಕಂಬಗಳ ಮೇಲೆ ತೊಲೆ, ತೊಲೆಗಳ ಮೇಲೆ ಸಾಲಾಗಿ ಜಂತಿ, ಜಂತಿಗಳ ಮೇಲೆ ಒತ್ತೊತ್ತಾಗಿ ಹಲಗೆ ಅಥವಾ ಕಟ್ಟಿಗೆಯ ಸೀಳು. ಅದರ ಮೇಲೆ ಬೇವಿನ ತಪ್ಪಲು ಹಾಸಿ, ಮಣ್ಣನ್ನು ಕಲಸಿ ಹಾಕಿ, ಬಡಿದು ಗಟ್ಟಿ ಮಾಡುತ್ತಾರೆ. ಎಲ್ಲಕ್ಕಿಂತ ಮೇಲಿನ ಪದರಕ್ಕೆ ಹೊಲದ ಮಣ್ಣು ನಡೆಯುವುದಿಲ್ಲ, ಸವಳು ಮಣ್ಣೇ ಬೇಕು. ಬೆಳೆಗೆ ಬಾರದ ಆ ಮಣ್ಣಿನಲ್ಲಿ ಸೋಡಿಯಂ ಅಂಶ ಹೆಚ್ಚು. ನೀರು ತಾಗಿದೊಡನೆ ಅದರ ನುಣ್ಣನೆಯ ಕಣಗಳು ಬಿಡಿಬಿಡಿಯಾಗಿ ಹರಡಿ ಸಣ್ಣ ಸಣ್ಣ ರಂಧ್ರಗಳನ್ನೆಲ್ಲ ಮುಚ್ಚಿಬಿಡುತ್ತವೆ. ನೀರು ಕೆಳಗೆ ಇಳಿಯಲಾರದೆ ಇಳಿಜಾರಿನಲ್ಲಿ ಹರಿದು ದೋಣಿಯಿಂದ ಅಂಗಳಕ್ಕೆ ಬೀಳುತ್ತದೆ. ಅದರಲ್ಲಿ ಹುಲ್ಲು ಸುಲಭವಾಗಿ ಬೇರೂರುವುದಿಲ್ಲ ಎಂಬುದು ಇನ್ನೊಂದು ಅನುಕೂಲ. ಒಂದು ಅಡಿ ದಪ್ಪದ ಈ ಮಣ್ಣು ಮೇ ತಿಂಗಳ 40 ಡಿಗ್ರಿ ಬಿಸಿಲನ್ನು ಹಗಲೆಲ್ಲ ತಾನೇ ಹೀರಿಕೊಂಡು ಒಳಗಿನವರನ್ನು ಕಾಯುತ್ತದೆ. ನೇಕಾರರಿಗೆ ಇದರಿಂದ ಇನ್ನೂ ಒಂದು ಲಾಭವಿತ್ತು. ಒಳಗಿನ ಗಾಳಿಯಲ್ಲಿ ತುಸು ತಂಪು, ತುಸು ತೇವ ಉಳಿದರೆ ನೂಲು ಕಡಿಯುವುದು ಕಡಿಮೆ.

ಹಾಗಾದರೆ ಅದನ್ನು ಕೀಳುವುದೇಕೆ? ಭಾರಕ್ಕಾಗಿ. ಒಂದು ಅಡಿ ದಪ್ಪದ ಒಣ ಮಣ್ಣು ಚದರ ಅಡಿಗೆ ಹತ್ತಿರ ಹತ್ತಿರ 45 ಕಿಲೋ ತೂಗುತ್ತದೆ. ಹತ್ತು ಅಡಿಗೆ ಹನ್ನೆರಡು ಅಡಿಯ ಕೋಣೆಯೊಂದರ ಮೇಲೆ ಐದು ಟನ್ನಿಗೂ ಹೆಚ್ಚು ಭಾರ ಕೂತಿರುತ್ತದೆ, ಅದೂ ಒಣಗಿದ್ದಾಗ. ಮಳೆಗಾಲಕ್ಕೆ ಮುಂಚೆ ಹಾಳಾದಷ್ಟು ಮಣ್ಣನ್ನು ಕೆರೆದು ತೆಗೆದು ಅಷ್ಟೇ ಹೊಸದನ್ನು ಹಾಕಬೇಕು. ಹಳೆಯದನ್ನು ತೆಗೆಯದೆ ವರ್ಷ ವರ್ಷ ಹೊಸದನ್ನೇ ಹೇರುತ್ತಾ ಹೋದರೆ ಜಂತಿ ಬಾಗದೆ ಏನು ಮಾಡೀತು? ಗೆದ್ದಲು ತಿಂದ ತುದಿ ಗೋಡೆಯೊಳಗೆ ಹುದುಗಿರುತ್ತದೆ, ಯಾರ ಕಣ್ಣಿಗೂ ಬೀಳುವುದಿಲ್ಲ. ದುಡಿಯುವ ಕೈಗಳೆಲ್ಲ ಗೋವಾ, ಮಂಗಳೂರು, ಪುಣೆ ಎಂದು ಹೊರಟಮೇಲೆ ಮಾಳಿಗೆ ಹತ್ತಿ ಮಣ್ಣು ಬಡಿಯುವವರೂ ಇಲ್ಲವಾದರು.

ನಮ್ಮ ಮಳೆಯ ಸ್ವಭಾವವೂ ಇದಕ್ಕೆ ಕೂಡಿಕೊಳ್ಳುತ್ತದೆ. ಇದು ಬರದ ಸೀಮೆ. ವರ್ಷದ ಸರಾಸರಿ ಮಳೆ 600 ಮಿಲಿಮೀಟರ್ ಆಸುಪಾಸು, ಅಷ್ಟೇ. ಆದರೆ ಅದರ ಜೋರು ಹೆಚ್ಚಾಗಿ ಕಾಣುವುದು ಸೆಪ್ಟೆಂಬರಿನಲ್ಲಿ, ಉತ್ತರಿ, ಹಸ್ತಿ ಮಳೆಗಳಲ್ಲಿ. ಒಂದು ಗಂಟೆ ಸುರಿದು ನಿಲ್ಲುವ ಮಳೆಯನ್ನು ಸವಳು ಮಣ್ಣು ತಡೆಯುತ್ತದೆ. ಹಗಲು ರಾತ್ರಿ ಬಿಡದೆ ಹಿಡಿದ ಮಳೆಯನ್ನು ತಡೆಯಲಾರದು. 2009ರ ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಮೊದಲ ದಿನಗಳಲ್ಲಿ ಉತ್ತರ ಕರ್ನಾಟಕವನ್ನು ಮುಳುಗಿಸಿದ್ದು ಹಸ್ತಿ ಮಳೆಯೇ. ಅಂದು ಹೊಳೆಯಿಂದ ದೂರವಿದ್ದ ಊರುಗಳಲ್ಲೂ ಮಾಳಿಗೆಗಳು ನೆನೆದು ಕುಸಿದವು. 2019ರ ಆಗಸ್ಟಿನಲ್ಲಿ ಮಲಪ್ರಭೆ ಉಕ್ಕಿ ಬಾದಾಮಿ, ಹುನಗುಂದ ತಾಲ್ಲೂಕುಗಳ ದಂಡೆಯ ಮನೆಗಳಿಗೆ ನುಗ್ಗಿದಾಗ ಪೂರ್ತಿ ಬಿದ್ದ ಮನೆಗೆ ಸರ್ಕಾರ 5 ಲಕ್ಷ ರೂಪಾಯಿ ಘೋಷಿಸಿತು. ಜೀವ ಹೋಗುವ ಭಯವಿರುವ ಸೂರನ್ನು ಉಳಿಸಿಕೊಳ್ಳಿ ಎಂದು ಯಾರಿಗೂ ಹೇಳಲಾಗದು. ಸೊರಗಿದ ಮಾಳಿಗೆಯನ್ನು ತೆಗೆಯಲೇಬೇಕು.

ತೆಗೆದು ತಗಡು ಹಾಕುವವರೇ ಬಹಳ ಮಂದಿ, ಯಾಕೆಂದರೆ ಎರಡು ದಿನದಲ್ಲಿ ಕೆಲಸ ಮುಗಿಯುತ್ತದೆ. ಅದರ ಕೆಳಗೆ ಬೇಸಿಗೆ ಮಧ್ಯಾಹ್ನ ಮಗ್ಗದ ಮುಂದೆ ಕೂತವರನ್ನು ಕೇಳಿದರೆ ಆ ಸೂರಿನ ಗುಣ ಗೊತ್ತಾಗುತ್ತದೆ. ಮೈ ಬೆಂದಂತಾಗುತ್ತದೆ, ನೂಲು ಒಣಗಿ ಕಡಿಯುತ್ತದೆ, ಮಳೆ ಬಂದರೆ ಮಾತು ಕೇಳಿಸುವುದಿಲ್ಲ. ಗಾಳಿಯ ಅಪಾಯ ಇದಕ್ಕಿಂತ ದೊಡ್ಡದು. ಮಣ್ಣಿನ ಮಾಳಿಗೆಯನ್ನು ಎತ್ತುವ ತಾಕತ್ತು ಯಾವ ಗಾಳಿಗೂ ಇರಲಿಲ್ಲ. ತಗಡು ಹಗುರ. ಏಪ್ರಿಲ್-ಮೇ ತಿಂಗಳ ಅಡ್ಡಮಳೆಯ ಗಾಳಿ ಅಂಚಿನ ಕೆಳಗೆ ಹೊಕ್ಕರೆ ಹಾಳೆಯನ್ನೇ ಹೊತ್ತೊಯ್ಯುತ್ತದೆ. ಅದಕ್ಕೆಂದು ಮೇಲೆ ಕಲ್ಲು ಹೇರುವ ರೂಢಿಯಿದೆ. ತಗಡು ಎದ್ದ ದಿನ ಆ ಕಲ್ಲು ಬೀಳುವುದು ಒಳಗೆ ಮಲಗಿದವರ ಮೇಲೆ, ಇಲ್ಲವೇ ಓಣಿಯಲ್ಲಿ ಹೋಗುವವರ ಮೇಲೆ. ತಗಡೇ ಗತಿಯೆಂದಾದರೆ ಕಬ್ಬಿಣದ ಪೈಪುಗಳನ್ನು ಗೋಡೆಯೊಳಗೆ ಕಾಂಕ್ರೀಟಿನಲ್ಲಿ ಹೂತು ಬಿಗಿಸಿ. ಮೊಳೆ ಬೇಡ, ರಬ್ಬರ್ ವಾಶರ್ ಇರುವ ಸ್ಕ್ರೂ ಹಾಕಿಸಿ, ಅದೂ ನೀರು ಹರಿಯುವ ತಗ್ಗಿನಲ್ಲಲ್ಲ, ಏರಿನಲ್ಲಿ. ಕೆಳಗೆ ಬಿದಿರಿನ ತಟ್ಟಿಯದಾದರೂ ಒಂದು ಒಳಛಾವಣಿ ಇರಲಿ.

ಇನ್ನು ಸ್ಲ್ಯಾಬ್. ನಾಲ್ಕೂವರೆ ಇಂಚಿನ ಸ್ಲ್ಯಾಬು ಚದರ ಅಡಿಗೆ 27 ಕಿಲೋದಷ್ಟು, ಅಂದರೆ ಮಣ್ಣಿಗಿಂತ ಹಗುರ. ‘ಅಷ್ಟು ಭಾರ ಹೊತ್ತ ಮನೆ ಇಷ್ಟು ಹೊರುವುದಿಲ್ಲವೇ’ ಎಂದು ಕೇಳುವವರಿದ್ದಾರೆ. ಇಲ್ಲಿಯೇ ಜನ ಎಡವುವುದು. ಹಳೆಯ ಎಷ್ಟೋ ಮನೆಗಳಲ್ಲಿ ಆ ಭಾರವನ್ನು ಹೊತ್ತಿದ್ದು ಗೋಡೆಯಲ್ಲ, ಒಳಗಿನ ಮರದ ಕಂಬ ಮತ್ತು ತೊಲೆ. ಗೋಡೆ ಬರಿಯ ಮರೆ. ಕಂಬ, ತೊಲೆಗಳನ್ನು ಕಿತ್ತು ಮಾರಿ ಅದೇ ಗೋಡೆಯ ಮೇಲೆ ಸ್ಲ್ಯಾಬ್ ಕೂರಿಸಿದರೆ, ಹಿಂದೆಂದೂ ಹೊರದ ಭಾರ ಮಣ್ಣಿನ ಗಾರೆಯಲ್ಲಿ ಕಟ್ಟಿದ ಕಲ್ಲುಗಳ ಮೇಲೆ ಬೀಳುತ್ತದೆ. ಎರೆಭೂಮಿಯ ತಳಪಾಯವಾದರೆ ಮಳೆಯಲ್ಲಿ ಉಬ್ಬಿ ಬೇಸಿಗೆಯಲ್ಲಿ ಕುಗ್ಗುವ ಮಣ್ಣು ಗೋಡೆಯನ್ನು ಮೊದಲೇ ಸೀಳಿರುತ್ತದೆ. ಇಂಥ ಕಡೆ ಕಾಲಂ ಎಬ್ಬಿಸಿ ಅದರ ಮೇಲೆ ಸ್ಲ್ಯಾಬ್ ಹಾಕುವುದು, ಇಲ್ಲವೇ ಕಂಬ, ತೊಲೆಗಳ ಜಾಗದಲ್ಲಿ ಕಬ್ಬಿಣದ ಗರ್ಡರ್ ಕೂರಿಸಿ ಮೇಲೆ ಕಲ್ಲಿನ ಚಪ್ಪಡಿ ಹಾಸುವುದು ಸರಿಯಾದ ದಾರಿ. ಬಾದಾಮಿಯ ಕಲ್ಲು ಹತ್ತಿರವಿರುವ ನಮಗೆ ಎರಡನೆಯದು ಪರಕೀಯವೇನಲ್ಲ.

ಕಲ್ಲಿನ ಛಾವಣಿಯ ಪಾಠ ಕಲಿಯಲು ಬೇರೆಲ್ಲಿಗೂ ಹೋಗಬೇಕಿಲ್ಲ, ಪಕ್ಕದ ಐಹೊಳೆಗೆ ಹೋದರೆ ಸಾಕು. ಲಾಡಖಾನ್ ಗುಡಿಯ ಛಾವಣಿಯಲ್ಲಿ ಸುತ್ತಲೂ ಇಳಿಜಾರಾಗಿ ಹಾಸಿದ ಚಪ್ಪಡಿಗಳಿವೆ. ಎರಡು ಚಪ್ಪಡಿ ಕೂಡುವ ಪ್ರತಿ ಸಂದಿನ ಮೇಲೂ ಉದ್ದನೆಯ, ಕಿರಿದಾದ ಕಲ್ಲಿನ ಪಟ್ಟಿಯೊಂದನ್ನು ದಿಮ್ಮಿಯಂತೆ ಮಲಗಿಸಿದ್ದಾರೆ. ನೀರು ಸಂದಿಗೆ ಇಳಿಯದೆ ಎರಡು ಪಟ್ಟಿಗಳ ನಡುವಿನ ತಗ್ಗಿನಲ್ಲಿ ಹರಿದು ಹೊರಬೀಳಬೇಕು. ಮರದ ಕಟ್ಟಡದ ರೀತಿಯನ್ನು ಕಲ್ಲಿಗೆ ತಂದದ್ದು ಇದು ಎನ್ನುತ್ತಾರೆ ವಿದ್ವಾಂಸರು. ನನಗೆ ಇದರಲ್ಲಿ ಕಾಣುವುದು ಚಾಲುಕ್ಯರ ಕಾಲದ ಕಲ್ಲುಕುಟಿಗನ ಒಂದು ಖಚಿತ ತಿಳಿವಳಿಕೆ. ಸೋರುವುದು ಕಲ್ಲಲ್ಲ, ಸಂದು. ಅದನ್ನು ಇಳಿಜಾರಿನಿಂದ ಕಾಯಬೇಕು.

ಇವತ್ತಿನ ಸ್ಲ್ಯಾಬುಗಳಲ್ಲಿ ಕಾಣೆಯಾಗಿರುವುದು ಆ ಇಳಿಜಾರೇ. ಮುಂದೆ ಇನ್ನೊಂದು ಅಂತಸ್ತು ಕಟ್ಟುವ ಆಸೆಯಿಂದ ಸಮತಟ್ಟಾಗಿ ಹಾಕಿಸುತ್ತಾರೆ, ಕುಂಬಿಯ ಮೂಲೆಯಲ್ಲಿ ನೀರು ನಿಲ್ಲುತ್ತದೆ, ಒಳಗಿನ ಕಬ್ಬಿಣ ತುಕ್ಕು ಹಿಡಿದು ಉಬ್ಬಿ ಗಿಲಾವು ಉದುರುತ್ತದೆ. ಇಟ್ಟಿಗೆ ಚೂರು ಮತ್ತು ಗಾರೆ ಹಾಕಿ, ಹತ್ತು ಅಡಿಗೆ ಒಂದು ಇಂಚಿಗೂ ತುಸು ಹೆಚ್ಚು ಇಳಿಜಾರು ಕೊಡಿಸಿ, ದೋಣಿಯ ಕಡೆಗೆ ನೀರು ಓಡುವಂತೆ ಮಾಡಿದರೆ ಇದನ್ನು ತಪ್ಪಿಸಬಹುದು. ಆ ಪದರ ಬಿಸಿಲನ್ನೂ ತಡೆಯುತ್ತದೆ. ಹಗಲು ಕಾದ ಬರಿಯ ಕಾಂಕ್ರೀಟು ಆ ಕಾವನ್ನು ಒಳಗೆ ಬಿಡುವುದು ರಾತ್ರಿ. ಸ್ಲ್ಯಾಬ್ ಮನೆಯವರು ಬೇಸಿಗೆಯಲ್ಲಿ ಮೇಲೆ ಹೋಗಿ ಮಲಗುವುದು ಅದಕ್ಕೇ. ಮೇಲ್ಭಾಗಕ್ಕೆ ಅಂಟು ಬೆರೆಸಿದ ಬಿಳಿ ಸುಣ್ಣ ಬಳಿದರೆ ಒಳಗಿನ ಬಿಸಿ ಕಡಿಮೆಯಾಗುತ್ತದೆ. ಪಕ್ಕದ ತೆಲಂಗಾಣ 2023ರಲ್ಲಿ ತಂಪು ಛಾವಣಿಗೆಂದೇ ಒಂದು ನೀತಿಯನ್ನು ತಂದಿತು. ಸುಣ್ಣದ ಖರ್ಚು ಕಾಂಕ್ರೀಟಿನ ಖರ್ಚಿನ ಮುಂದೆ ಏನೂ ಅಲ್ಲ. ಆದರೂ ಅದನ್ನು ಅಂದಾಜುಪಟ್ಟಿಯಲ್ಲಿ ಬರೆಯುವ ಗೌಂಡಿ ಸಿಗುವುದು ಕಷ್ಟ, ಬರೆಸುವ ಮಾಲೀಕ ಇನ್ನೂ ಕಷ್ಟ.

ಕೆಲಸಕ್ಕೆ ಕಾಲವೂ ಮುಖ್ಯ. ರೋಹಿಣಿ ಮಳೆ ತಲೆಯ ಮೇಲೆ ಬಂದಾಗ ಮೇ ತಿಂಗಳಲ್ಲಿ ಕಾಂಕ್ರೀಟ್ ಹಾಕುವುದು ನಮ್ಮಲ್ಲಿ ರೂಢಿ. ಆ ಬಿಸಿಗಾಳಿಗೆ ಅದು ಗಟ್ಟಿಯಾಗುವ ಮುಂಚೆಯೇ ಒಣಗಿ ಬಿರಿಯುತ್ತದೆ. ಒಣ ಬಿಸಿಲಿನಲ್ಲಿ ಕಡಿಮೆಯೆಂದರೆ ಹತ್ತು ದಿನ ಮಡಿ ಕಟ್ಟಿ ನೀರು ನಿಲ್ಲಿಸಬೇಕು, ಕುಡಿಯುವ ನೀರಿಗೇ ತತ್ವಾರವಿರುವ ತಿಂಗಳಲ್ಲಿ ಅಷ್ಟು ನೀರು ಎಲ್ಲಿಂದ ಬರಬೇಕು? ಹಿಂಗಾರಿ ಜೋಳದ ರಾಶಿ ಮುಗಿಯುವ ಹೊತ್ತಿಗೆ, ಫೆಬ್ರವರಿಯಲ್ಲಿ, ಬೆಳಗಿನ ತಂಪಿನಲ್ಲಿ ಹಾಕಿಸುವುದು ಒಳ್ಳೆಯದು.

ವಸತಿ ಯೋಜನೆಗಳ ಹಣ ಕೊಡುವವರಲ್ಲೂ ಒಂದು ಕೇಳಿಕೆಯಿದೆ. ಬುನಾದಿ, ಗೋಡೆ, ಛಾವಣಿ ಎಂದು ಹಂತ ಹಂತವಾಗಿ ಬಿಲ್ಲು ಕೊಡುವಾಗ ಇಳಿಜಾರಿನ ಗಾರೆಗೂ ಸುಣ್ಣಕ್ಕೂ ಒಂದಿಷ್ಟು ಇಡಿ. ಮಗ್ಗವಿರುವ ಮನೆಯಾದರೆ ಅದು ದುಡಿಯುವ ಜಾಗ ಎಂದು ತಿಳಿದು ಇನ್ನೊಂದಿಷ್ಟು ಇಡಿ. ಮತ್ತು ಈ ವರ್ಷ ಮಾಳಿಗೆ ಕೀಳಿಸಬೇಕೆಂದಿರುವ ಕಮತಗಿಯವರೇ, ಜಂತಿಗೆ ಕೈ ಹಾಕುವ ಮುನ್ನ ಗೋಡೆಯಲ್ಲಿ ಎರಡು ಕಡೆ ಕಲ್ಲು ಬಿಡಿಸಿ, ಒಳಗಿರುವುದು ಸುಣ್ಣವೋ ಮಣ್ಣೋ ಎಂದು ತಿಳಿದವರೊಬ್ಬರಿಗೆ ತೋರಿಸಿ. ಸ್ಲ್ಯಾಬಿನ ಮಾತು ಆಮೇಲೆ ಆಡಿ.