ಹೆದರಿಕೆಯ ಹುಚ್ಚು

ಕೆಲವರಿಗೆ ಸಂಗೀತದ ಹುಚ್ಚು, ಕೆಲವರಿಗೆ ಇಸ್ಪೀಟಿನ ಹುಚ್ಚು, ನಮ್ಮ ಬೀದಿಯ ಹೆಂಗಸರಲ್ಲಿ ಅನೇಕರಿಗೆ ಸೀರೆಯ ಹುಚ್ಚು. ನನಗಿರುವುದು ಹೆದರಿಕೆಯ ಹುಚ್ಚು. ದೆವ್ವದ ಕಥೆ, ಭೀಕರವಾದ ಚಲಚ್ಚಿತ್ರ, ಜಾತ್ರೆಯ ಭೂತಬಂಗಲೆ, ಇವುಗಳಲ್ಲಿ ಯಾವುದು ದೊರೆತರೂ ನನಗೆ ಹಬ್ಬವಾದಂತೆ. ಎರಡು ಹೊತ್ತೂ ದೇವರ ಮುಂದೆ ದೀಪ ಹಚ್ಚುವ, ಅರುವತ್ತು ಸಮೀಪಿಸಿದ ಗೃಹಿಣಿಗೆ ಇದೆಂತಹ ಅಭಿರುಚಿಯೆಂದು ವಾಚಕರು ಮೂಗಿನ ಮೇಲೆ ಬೆರಳಿಡಬಹುದು. ನಮ್ಮ ಮನೆಯವರಂತೂ ಮದುವೆಯಾದ ವರ್ಷದಿಂದಲೇ ಇಟ್ಟುಕೊಂಡಿರುವರು. “ಹೆದರುವುದಕ್ಕೆ ಸಂಸಾರದಲ್ಲಿ ಇರುವುದು ಸಾಲದೇನೇ? ದುಡ್ಡು ಕೊಟ್ಟು ಬೇರೆ ತರಬೇಕೆ?” ಎಂಬುದು ಅವರ ಪ್ರಶ್ನೆ. ಪ್ರಶ್ನೆ ನ್ಯಾಯವಾದುದೇ. ಅದಕ್ಕೆ ನಾನು ಬಾಯಿಮಾತಿನಲ್ಲಿ ಎಂದೂ ಸರಿಯಾದ ಉತ್ತರ ಕೊಟ್ಟವಳಲ್ಲ.

ಈ ಬೀಜವನ್ನು ಬಿತ್ತಿದವರು ನನ್ನ ಅಜ್ಜಿ. ಕೈತುತ್ತು ಹಾಕುತ್ತ ಅವರು ಹೇಳುತ್ತಿದ್ದ ಬೇತಾಳನ ಕಥೆಯನ್ನು ಕೇಳಿ, ಕೊನೆಯ ತುತ್ತನ್ನು ನುಂಗಲಾರದೆ ಮಕ್ಕಳೆಲ್ಲ ಅವರ ಸೆರಗನ್ನು ಸೇರಿಕೊಳ್ಳುತ್ತಿದ್ದೆವು. ಬೀಜಕ್ಕೆ ನೀರೆರೆದುದು 1979ರಲ್ಲಿ ಬಂದ ‘ನಾ ನಿನ್ನ ಬಿಡಲಾರೆ’ ಎಂಬ ಕನ್ನಡ ವಾಕ್ಚಿತ್ರ. ಅನಂತನಾಗ್ ಮತ್ತು ಲಕ್ಷ್ಮಿಯವರು ನಟಿಸಿದ ಆ ಚಿತ್ರವು ನಮ್ಮೂರ ಟೆಂಟಿಗೆ ಬಂದಾಗ ನನಗೆ ಹನ್ನೆರಡೋ ಹದಿಮೂರೋ ವಯಸ್ಸು. ಆಟ ಮುಗಿದ ಮೇಲೆ ಅಣ್ಣನ ಅಂಗಿಯನ್ನು ಗಟ್ಟಿಯಾಗಿ ಹಿಡಿದುಕೊಂಡು, ಹುಣಿಸೆಯ ಮರವಿದ್ದ ದಾರಿಯನ್ನು ಬಿಟ್ಟು, ಅರ್ಧ ಮೈಲಿ ಸುತ್ತಿ ಮನೆಗೆ ಬಂದೆ. ರಾತ್ರಿಯೆಲ್ಲ ನಿದ್ರೆಯಿಲ್ಲ. ಬೆಳಗಾಗುತ್ತಲೇ ಅಮ್ಮನ ಹತ್ತಿರ ಹೋಗಿ, ಇನ್ನೊಂದು ಸಲ ನೋಡಲು ದುಡ್ಡು ಕೇಳಿದೆ. ಬೈಗಳು ದೊರೆಯಿತೇ ಹೊರತು ದುಡ್ಡು ದೊರೆಯಲಿಲ್ಲ.

ಜಾತ್ರೆಯ ಭೂತಬಂಗಲೆಯನ್ನು ನೋಡದವರು ವಿರಳ. ತಗಡಿನ ಗೋಡೆ, ಒಳಗೆ ಕಗ್ಗತ್ತಲೆ, ಹಗ್ಗಕ್ಕೆ ಕಟ್ಟಿದ ಅಸ್ಥಿಪಂಜರ, ಮುಖಕ್ಕೆ ತಗಲುವ ಒದ್ದೆ ಬಟ್ಟೆ, ಮೂಲೆಯಲ್ಲಿ ಮುಖಕ್ಕೆ ಮಸಿ ಬಳಿದುಕೊಂಡು ಕುಳಿತ ಹುಡುಗ. ಒಳಗೆ ಹೋಗುವವರಿಗಿಂತ ಹೊರಗೆ ಬರುವವರ ಮುಖವನ್ನು ನೋಡುವುದೇ ನನಗೆ ಹೆಚ್ಚು ಇಷ್ಟ. ಕಿರಿಚಿಕೊಂಡು ಓಡಿಬಂದವರು ಬೆಳಕಿಗೆ ಬಂದೊಡನೆ ನಗತೊಡಗುವರು. ಪರಿಚಯವಿಲ್ಲದವರ ಭುಜವನ್ನು ಸಹ ತಟ್ಟುವರು. ಭರತಮುನಿಯು ನಾಟ್ಯಶಾಸ್ತ್ರದಲ್ಲಿ ಎಂಟು ರಸಗಳನ್ನು ಎಣಿಸುವಾಗ ಭಯಾನಕವನ್ನೂ ಸೇರಿಸಿ, ಅದಕ್ಕೆ ಕಪ್ಪು ಬಣ್ಣವನ್ನೂ ಕಾಲನೆಂಬ ಅಧಿದೇವತೆಯನ್ನೂ ಹೇಳಿರುವನು. ಬಾಳಿನಲ್ಲಿ ಕಂಡ ಭಯ ಭಯವೇ; ರಂಗದ ಮೇಲೆ ಕಂಡರೆ ಅದು ಸವಿಯತಕ್ಕ ವಸ್ತುವಾಗುವುದು. ನಮ್ಮ ಮನೆಯವರಿಗೆ ಇದನ್ನು ಹೇಳಿದೆ. ಭರತಮುನಿಯು ಭೂತಬಂಗಲೆಗೆ ಟಿಕೇಟು ಕೊಂಡಿರಲಿಲ್ಲವೆಂದು ಅವರ ಉತ್ತರ.

ಆದರೆ ಕೊಂಡವರ ಚರಿತ್ರೆಯೂ ಸಣ್ಣದಲ್ಲ. ರಾಬರ್ಟ್‌ಸನ್ ಎಂಬ ಹೆಸರಿಟ್ಟುಕೊಂಡಿದ್ದ ಲೀಯೇಜ್ ನಗರದವನೊಬ್ಬನು 1798ರಲ್ಲಿ ಪ್ಯಾರಿಸಿನಲ್ಲಿ ‘ಫ್ಯಾಂಟಾಸ್ಮಗೋರಿಯ’ ಎಂಬ ಆಟವನ್ನು ಆರಂಭಿಸಿ, ಮುಂದೆ ಅದನ್ನು ಕ್ಯಾಪುಚಿನ್ ಪಂಥದ ಹಳೆಯ ಮಠವೊಂದಕ್ಕೆ ಸಾಗಿಸಿದನು. ಪ್ರೇಕ್ಷಕರು ಕತ್ತಲೆಯ ಮೊಗಸಾಲೆಗಳನ್ನು ಹಾದು ಒಳಗೆ ಹೋಗಬೇಕು. ದೀಪಗಳು ಆರುವುವು. ಗಾಜಿನ ಬಟ್ಟಲುಗಳಿಂದ ಹೊರಡಿಸುವ ವಿಲಕ್ಷಣವಾದ ನಾದವು ಕೇಳುವುದು. ಆಗ ಪರದೆಯ ಮೇಲೆ ಚುಕ್ಕೆಯಷ್ಟಾಗಿ ತೋರಿದ ಪ್ರೇತವು ನೋಡನೋಡುತ್ತಿರುವಂತೆ ಬೆಳೆದು ಮೈಮೇಲೆ ಬಂದಂತಾಗುವುದು. ರಹಸ್ಯವಿಷ್ಟೇ: ಪರದೆಯ ಹಿಂದೆ ಗಾಲಿಗಳುಳ್ಳ ಮಾಯಾದೀಪವೊಂದಿದ್ದು, ಅದನ್ನು ಹಿಂದಕ್ಕೆ ಸರಿಸಿದಂತೆಲ್ಲ ಚಿತ್ರವು ದೊಡ್ಡದಾಗುತ್ತಿತ್ತು. ನನ್ನನ್ನು ಬೆರಗುಗೊಳಿಸಿದುದು ಯಂತ್ರಕ್ಕಿಂತಲೂ ಆ ಪ್ರೇಕ್ಷಕರು. ಅದೇ ನಗರದ ಚೌಕಗಳಲ್ಲಿ 1793 ಮತ್ತು 1794ರಲ್ಲಿ ಗಿಲೋಟಿನ್ ಯಂತ್ರವು ತಲೆಗಳನ್ನು ಉರುಳಿಸಿದುದನ್ನು ಅವರಲ್ಲಿ ಅನೇಕರು ಕಣ್ಣಾರೆ ಕಂಡಿರಲೇಬೇಕು. ಅಂತಹವರು ಮತ್ತೆ ದುಡ್ಡು ಕೊಟ್ಟು ಗಾಜಿನ ಮೇಲಿನ ದೆವ್ವವನ್ನು ನೋಡಹೋದರು! ನಮ್ಮ ಮನೆಯವರ ಪ್ರಶ್ನೆಯನ್ನು ಮೊದಲು ಅವರಿಗೆ ಕೇಳಬೇಕಾಗಿತ್ತು.

1862ರ ಕ್ರಿಸ್‌ಮಸ್ಸಿನ ಮುನ್ನಾದಿನ ಲಂಡನ್ನಿನ ರಾಯಲ್ ಪಾಲಿಟೆಕ್ನಿಕ್ ಸಂಸ್ಥೆಯಲ್ಲಿ ಪೆಪ್ಪರ್ ಎಂಬ ವಿಜ್ಞಾನದ ಉಪನ್ಯಾಸಕನು ಇನ್ನೊಂದು ಚಮತ್ಕಾರವನ್ನು ತೋರಿಸಿದನು. ರಂಗದ ಮುಂದೆ ದೊಡ್ಡ ಗಾಜನ್ನು ಓರೆಯಾಗಿ ನಿಲ್ಲಿಸುವುದು. ಪ್ರೇಕ್ಷಕರಿಗೆ ಕಾಣದಂತೆ ಕೆಳಗಿನ ಹಳ್ಳದಲ್ಲಿ ನಟನ ಮೇಲೆ ಬಲವಾದ ಬೆಳಕನ್ನು ಬಿಡುವುದು. ಅವನ ಪ್ರತಿಬಿಂಬವು ರಂಗದ ಮೇಲಿನ ನಟರ ನಡುವೆ ತೇಲುವ ಪ್ರೇತವಾಗಿ ತೋರುವುದು. ಮೂಲದ ಕಲ್ಪನೆ ಡರ್ಕ್ಸ್ ಎಂಬ ಎಂಜಿನಿಯರನದು. ಹೆಸರು ಮಾತ್ರ ಪೆಪ್ಪರನಿಗೆ ಉಳಿಯಿತು. ಲೋಕದ ರೀತಿಯೇ ಹಾಗೆ.

ಈ ಉಪಾಯವನ್ನು ನಾನು ಕಣ್ಣಾರೆ ಕಂಡುದು ಕ್ಯಾಲಿಫೋರ್ನಿಯದಲ್ಲಿ. ಮಗಳ ಬಾಣಂತನಕ್ಕೆಂದು ಹೋದವಳು, ಮೊಮ್ಮಗುವಿಗೆ ಆರು ತಿಂಗಳಾದ ಮೇಲೆ, ಒಂದು ದಿನ ಡಿಸ್ನಿಲ್ಯಾಂಡಿಗೆ ಕರೆದುಕೊಂಡು ಹೋಗೆಂದು ಹಟ ಹಿಡಿದೆ. ಅಲ್ಲಿ 1969ರಲ್ಲಿ ತೆರೆದ ಪ್ರೇತಗಳ ಮಹಲೊಂದಿದೆ. ಮೊದಲು ಎಂಟು ಮೂಲೆಯ ಕೊಠಡಿಯೊಂದರಲ್ಲಿ ನಿಲ್ಲಿಸುವರು. ಗೋಡೆಯ ಚಿತ್ರಪಟಗಳು ಮೆಲ್ಲಮೆಲ್ಲನೆ ಉದ್ದವಾಗುವುವು. ವಾಸ್ತವವಾಗಿ ನಾವೇ ಕೆಳಕ್ಕೆ ಇಳಿಯುತ್ತಿರುವೆವು; ಕೊಠಡಿಯೇ ಒಂದು ಲಿಫ್ಟು. ಅನಂತರ ಕಪ್ಪು ಬಂಡಿಗಳಲ್ಲಿ ಕುಳಿತು ಮಹಲಿನೊಳಗೆ ಸಾಗುವುದು. ಔತಣದ ಹಜಾರದಲ್ಲಿ ಪಾರದರ್ಶಕವಾದ ಪ್ರೇತಗಳು ಜೋಡಿ ಜೋಡಿಯಾಗಿ ನರ್ತಿಸುವುವು. ಬೊಂಬೆಗಳು ಬೇರೆಲ್ಲಿಯೋ ಅಡಗಿರುವುವು. ದೊಡ್ಡ ಗಾಜಿನಲ್ಲಿ ನಾವು ಕಾಣುವುದು ಅವುಗಳ ಪ್ರತಿಬಿಂಬ ಮಾತ್ರ. ಪ್ರತಿಬಿಂಬದಲ್ಲಿ ಎಡಬಲಗಳು ತಿರುಗುವುದರಿಂದ, ಆ ನಾಟ್ಯದಲ್ಲಿ ಗಂಡಸರನ್ನು ಹೆಂಗಸರೇ ನಡೆಸುತ್ತಿರುವಂತೆ ಕಾಣುವುದು. ಇದನ್ನು ಮಗಳಿಗೆ ತೋರಿಸಿ ಇಬ್ಬರೂ ಬಹಳ ನಕ್ಕೆವು. ಅಳಿಯಂದಿರು ಮಗುವನ್ನೆತ್ತಿಕೊಂಡು ಹೊರಗೆ ಬಿಸಿಲಿನಲ್ಲಿ ಕಾದಿದ್ದರು.

ಇದು ವಿನೋದದ ಭಾಗ. ಕಾದಂಬರಿಗಳ ವಿಷಯ ಬೇರೆ.

1815ರ ಏಪ್ರಿಲ್ ತಿಂಗಳಲ್ಲಿ ಸುಂಬಾವ ದ್ವೀಪದ ತಂಬೋರ ಎಂಬ ಅಗ್ನಿಪರ್ವತವು ಸಿಡಿದು, ಅದರ ಧೂಳು ಆಕಾಶವನ್ನು ಮುಸುಕಿತು. ಮರುವರ್ಷ ಯೂರೋಪಿನಲ್ಲಿ ಬೇಸಿಗೆಯೇ ಬರಲಿಲ್ಲ. ಜಿನೀವಾ ಸರೋವರದ ದಡದ ಡಿಯೋಡಾಟಿ ಎಂಬ ಬಂಗಲೆಯಲ್ಲಿ ಮಳೆಯಿಂದ ಸೆರೆಯಾಗಿ ಕುಳಿತಿದ್ದ ಕವಿ ಬೈರನ್ನನು, ಎಲ್ಲರೂ ಒಂದೊಂದು ಪ್ರೇತಕಥೆಯನ್ನು ಬರೆಯೋಣವೆಂದನು. ಅಲ್ಲಿದ್ದ ಹದಿನೆಂಟು ವರ್ಷದ ಮೇರಿಯು ಬರೆಯತೊಡಗಿದುದೇ ‘ಫ್ರಾಂಕೆನ್‌ಸ್ಟೈನ್’. 1818ರಲ್ಲಿ ಅದು ಅಚ್ಚಾದಾಗ ಬರೆದವಳ ಹೆಸರನ್ನು ಹಾಕಿರಲಿಲ್ಲ. ಹೆಣಗಳ ತುಂಡುಗಳನ್ನು ಜೋಡಿಸಿ ಜೀವ ಕೊಡುವ ವಿದ್ಯಾರ್ಥಿ. ಕಣ್ಣು ತೆರೆದ ತನ್ನ ಸೃಷ್ಟಿಯನ್ನು ಕಂಡು ಅಸಹ್ಯಪಟ್ಟು ಓಡಿಹೋಗುವ ತಂದೆ. ಪ್ರೀತಿಗಾಗಿ ಅಲೆದು ಎಲ್ಲಿಯೂ ಕಾಣದೆ ಕೊಲೆಗಿಳಿಯುವ ಆ ಅನಾಥ ಜೀವಿ. ಇದಿಷ್ಟೇ ಕಥೆ.

ಆ ಮೇರಿಯನ್ನು ಹೆತ್ತ ಕೆಲವೇ ದಿನಗಳಲ್ಲಿ ಅವಳ ತಾಯಿ ತೀರಿಕೊಂಡಿದ್ದಳು. 1815ರ ಆರಂಭದಲ್ಲಿ ಮೇರಿಯೇ ದಿನ ತುಂಬದ ಹೆಣ್ಣುಮಗುವೊಂದನ್ನು ಹೆತ್ತಳು. ಅದು ಹದಿನೈದು ದಿನವೂ ಬದುಕಲಿಲ್ಲ. ಕೆಲವು ದಿನಗಳ ಮೇಲೆ ಅವಳಿಗೊಂದು ಕನಸು ಬಿದ್ದಿತು: ಮಗು ಸತ್ತಿರಲಿಲ್ಲ, ಮೈ ತಣ್ಣಗಾಗಿತ್ತು ಅಷ್ಟೆ, ಬೆಂಕಿಯ ಮುಂದೆ ಹಿಡಿದು ತಿಕ್ಕಿದೊಡನೆ ಉಸಿರಾಡಿತು. ಇದನ್ನು ಅವಳು ತನ್ನ ದಿನಚರಿಯಲ್ಲಿ ಬರೆದಿಟ್ಟಿರುವಳು.

ನನ್ನ ಚೊಚ್ಚಲ ಮಗುವೂ ಹೆಣ್ಣು. ಒಂಬತ್ತು ದಿನವಿತ್ತು. ಮನೆಯಲ್ಲಿ ಯಾರೂ ಅದರ ಮಾತನ್ನೆತ್ತುತ್ತಿರಲಿಲ್ಲ. ಬಂದವರೆಲ್ಲ “ಇನ್ನೂ ವಯಸ್ಸಿದೆ” ಎಂದು ಹೇಳಿ ಕಾಫಿ ಕುಡಿದು ಹೋಗುತ್ತಿದ್ದರು. ನಮ್ಮ ಮನೆಯವರು ನನಗೆ ಹೊತ್ತು ಹೋಗಲೆಂದು ಪುಸ್ತಕಭಂಡಾರದಿಂದ ವಾರಕ್ಕೆರಡು ಪುಸ್ತಕಗಳನ್ನು ತಂದುಕೊಡುತ್ತಿದ್ದರು. ದೆವ್ವದ ಕಥೆಯೆಂದು ನಾನು ಸಂತೋಷಪಡಬಹುದೆಂದೆಣಿಸಿ ಒಂದು ದಿನ ಹರಿದುಹೋದ ‘ಫ್ರಾಂಕೆನ್‌ಸ್ಟೈನ್’ ತಂದರು. ಮೇರಿಯ ಮಗುವಿನ ಸಂಗತಿಯು ಮುನ್ನುಡಿಯಲ್ಲಿಯೇ ಇತ್ತು. ಅದನ್ನೋದಿ ಬಚ್ಚಲಮನೆಗೆ ಹೋಗಿ ಕೊಳಾಯಿಯನ್ನು ಬಿಟ್ಟು ಕುಳಿತೆ. ನನಗೂ ಅಂತಹ ಕನಸು ಎರಡು ಸಲ ಬಿದ್ದಿತ್ತು, ಬಾಯಿಬಿಟ್ಟು ಹೇಳಿರಲಿಲ್ಲ. ಸಮುದ್ರದಾಚೆ ಯಾರೋ ಒಬ್ಬಳು ಅದನ್ನು ಹೇಳಿಯೂ ಇದ್ದಳು, ಅದರಿಂದ ಪುಸ್ತಕವನ್ನೂ ಮಾಡಿದ್ದಳು. ಅಂದಿನಿಂದ ಆ ಕಾದಂಬರಿಯನ್ನು ಎಷ್ಟು ಸಲ ಓದಿರುವೆನೋ ಲೆಕ್ಕವಿಲ್ಲ. ನಮ್ಮ ಮನೆಯವರಿಗೆ ನಾನು ಕೊಡದೆ ಉಳಿಸಿಕೊಂಡ ಉತ್ತರವು ಇದೇ.

ಚಲಚ್ಚಿತ್ರಗಳನ್ನು ಕುರಿತು ಬರೆಯಹೊರಟರೆ ಸಂಚಿಕೆಯೇ ತುಂಬುವುದು. 1922ರ ಜರ್ಮನ್ ಮೂಕಚಿತ್ರ ‘ನೊಸ್ಫೆರಾಟು’ ಬ್ರಾಮ್ ಸ್ಟೋಕರನ ‘ಡ್ರಾಕುಲಾ’ ಕಾದಂಬರಿಯನ್ನು ಅನುಮತಿಯಿಲ್ಲದೆ ಬಳಸಿಕೊಂಡುದು. ಸ್ಟೋಕರನ ವಿಧವೆಯು ವ್ಯಾಜ್ಯ ಹೂಡಿ ಗೆದ್ದಳು, ಪ್ರತಿಗಳನ್ನೆಲ್ಲ ನಾಶಮಾಡಬೇಕೆಂದು ತೀರ್ಪಾಯಿತು. ಅಲ್ಲೊಂದು ಇಲ್ಲೊಂದು ಪ್ರತಿ ಉಳಿದುದರಿಂದ ನಾವು ನೋಡುವಂತಾಯಿತು. ಬಿಸಿಲು ಬಿದ್ದರೆ ರಕ್ತಪಿಶಾಚಿ ಸಾಯುವುದೆಂಬುದು ಆ ಚಿತ್ರದಿಂದ ಬಂದ ನಂಬಿಕೆ. ಸ್ಟೋಕರನ ಡ್ರಾಕುಲಾ ಹಗಲಿನಲ್ಲಿಯೂ ತಿರುಗುವನು. 1942ರ ‘ಕ್ಯಾಟ್ ಪೀಪಲ್’ ನನಗೆ ಇನ್ನೂ ಮೆಚ್ಚು. ಹೆಚ್ಚು ಹಣವಿಲ್ಲದೆ ತೆಗೆದ ಚಿತ್ರ; ಚಿರತೆಯನ್ನು ತೋರಿಸುವುದಕ್ಕಿಂತ ಅದರ ನೆರಳನ್ನೇ ಹೆಚ್ಚಾಗಿ ನಂಬಿಕೊಂಡುದು. ರಾತ್ರಿ ಒಂಟಿಯಾಗಿ ನಡೆಯುವ ಹೆಂಗಸಿನ ಹಿಂದೆ ಹೆಜ್ಜೆಯ ಸದ್ದು ಕೇಳುವುದು, ನಿಲ್ಲುವುದು. ಅವಳು ಓಡುವಳು. ಥಟ್ಟನೆ ಬುಸ್ಸೆಂಬ ಶಬ್ದ! ಬಂದುದು ಬಸ್ಸು. ನಾನು ಬಾಣಲೆಯಲ್ಲಿದ್ದ ಒಗ್ಗರಣೆಯನ್ನು ಮರೆತು ಅದನ್ನು ನೋಡುತ್ತ ನಿಂತು, ಆ ದಿನ ಸಾರಿಗೆ ಕಪ್ಪು ಸಾಸಿವೆಯೇ ಗತಿಯಾಯಿತು.

ಈಗ ನನ್ನ ತಪ್ಪೊಂದನ್ನು ಒಪ್ಪಿಕೊಳ್ಳಬೇಕು. ಅಣ್ಣನ ಮಗನು ಒಂಬತ್ತು ವರ್ಷದವನಾಗಿದ್ದಾಗ ಬೇಸಿಗೆಯ ರಜಕ್ಕೆ ನಮ್ಮಲ್ಲಿಗೆ ಬಂದಿದ್ದನು. “ಅತ್ತೆ, ನೀನು ನೋಡುವ ಹೆದರಿಕೆಯ ಸಿನಿಮಾ ತೋರಿಸು” ಎಂದು ಕಾಡಿದನು. 1960ರ ‘ಸೈಕೋ’ ಹಳೆಯದು, ಕಪ್ಪುಬಿಳುಪಿನದು, ಮಗುವಿಗೆ ಏನೂ ಆಗದೆಂದು ಹಾಕಿದೆ. ಸ್ನಾನದ ಮನೆಯಲ್ಲಿ ಹೆಂಗಸನ್ನು ಇರಿದು ಕೊಲ್ಲುವ ಆ ದೃಶ್ಯವು ಮುಕ್ಕಾಲು ನಿಮಿಷದಷ್ಟು. ರಕ್ತವೆಂದು ಹರಿಸಿದುದು ಚಾಕೊಲೇಟಿನ ಪಾಕ. ಹಿಚ್‌ಕಾಕ್ ಅಲ್ಲಿ ಸಂಗೀತವೇ ಬೇಡವೆಂದಿದ್ದನಂತೆ. ಹರ್ಮನ್ನನು ಪಿಟೀಲುಗಳನ್ನು ಕಿರುಚಿಸಿ ಕೇಳಿಸಿದ ಮೇಲೆ ಒಪ್ಪಿದನು. ಇದನ್ನೆಲ್ಲ ನಾನು ಹುಡುಗನಿಗೆ ಮುಂಚೆಯೇ ವಿವರಿಸಿದ್ದೆನು. ಯಾವುದೂ ಉಪಯೋಗಕ್ಕೆ ಬರಲಿಲ್ಲ. ಅವನು ಅಳಲಿಲ್ಲ, ಕಿರುಚಲಿಲ್ಲ, ಸುಮ್ಮನಾದನು. ಊರಿಗೆ ಹೋದ ಮೇಲೆ ಬಚ್ಚಲಿನ ಬಾಗಿಲನ್ನು ಮುಚ್ಚಗೊಡಲಿಲ್ಲ. ಒಂದು ವರ್ಷದವರೆಗೂ ಅವನು ಮೀಯುವಾಗ ಅತ್ತಿಗೆ ಹೊಸ್ತಿಲಲ್ಲಿ ಮಣೆ ಹಾಕಿಕೊಂಡು ಕುಳಿತಿರಬೇಕಾಯಿತು. “ನಿನ್ನ ಚಟಕ್ಕೆ ನನ್ನ ಮಗುವನ್ನು ಬಲಿಗೊಟ್ಟೆ” ಎಂದು ಅತ್ತಿಗೆ ಅಂದರು. ನಾನು ಎದುರಾಡಲಿಲ್ಲ. ಆ ದೃಶ್ಯದಲ್ಲಿ ನಟಿಸಿದ ಜಾನೆಟ್ ಲೀ ತಾನೇ ಆಮೇಲೆ ನೀರಿನ ಧಾರೆಯ ಕೆಳಗೆ ನಿಂತು ಮೀಯುವುದನ್ನು ಬಿಟ್ಟೆನೆಂದು ಹೇಳಿದುದನ್ನು ನಾನು ಓದಿದುದು ಅನಂತರ.

ಡೆನ್ಮಾರ್ಕಿನ ಆರ್ಹುಸ್ ವಿಶ್ವವಿದ್ಯಾನಿಲಯದ ಸಂಶೋಧಕರು ಭೂತಬಂಗಲೆಯೊಂದಕ್ಕೆ ಬಂದ 110 ಮಂದಿಯ ಹೃದಯದ ಬಡಿತವನ್ನು ಅಳೆದು 2020ರಲ್ಲಿ ಫಲವನ್ನು ಪ್ರಕಟಿಸಿದರು. ಭಯ ತೀರ ಕಡಮೆಯಾದರೂ ಸುಖವಿಲ್ಲ, ಮಿತಿಮೀರಿದರೂ ಇಲ್ಲ. ನಡುವೆ ಒಂದು ಹದವುಂಟು. ಅಡಿಗೆಯ ಉಪ್ಪಿನ ಹದ ಬಲ್ಲವಳಿಗೆ ಇದೇನೂ ಹೊಸದಲ್ಲ. ಆದರೆ ಉಪ್ಪನ್ನು ಹಾಕುವಾಗ ಉಣ್ಣುವವರು ಯಾರೆಂದು ನೋಡಬೇಕಾಗಿತ್ತು. ನಾನು ನೋಡಲಿಲ್ಲ. ಅಂದಿನಿಂದ ನಮ್ಮ ಮನೆಗೆ ಬರುವ ಮಕ್ಕಳು ಏನನ್ನು ಕೇಳಿದರೂ ಮೊದಲು ಅವರ ತಾಯಿಯ ಮುಖವನ್ನು ನೋಡುವೆನು. ಜೊತೆಯಲ್ಲಿ ಕುಳಿತುಕೊಳ್ಳುವೆನು, ದೀಪವನ್ನು ಆರಿಸಗೊಡೆನು, ಸಾಕೆಂದೊಡನೆ ನಿಲ್ಲಿಸುವೆನು.

ಆ ಹುಡುಗನು ಈಗ ಕಾಲೇಜಿನಲ್ಲಿರುವನು. ನನಗಿಂತ ಒಂದು ಗೇಣು ಎತ್ತರ. ಹೋದ ದೀಪಾವಳಿಗೆ ಬಂದವನು ಊಟವಾದ ಮೇಲೆ, “ಅತ್ತೆ, ಅದನ್ನೇ ಹಾಕು” ಎಂದನು. ಯಾವುದೆಂದು ನಾನು ಕೇಳಲಿಲ್ಲ. ಅತ್ತಿಗೆಯವರ ಕಡೆ ನೋಡಿದೆ. ಅವರು ಎಲೆಯಡಿಕೆಯ ತಟ್ಟೆಯನ್ನು ಮುಂದಕ್ಕೆಳೆದುಕೊಂಡು, “ನಾನೂ ನೋಡುತ್ತೇನೆ, ಏನಿದೆಯೋ ಅದರಲ್ಲಿ” ಎಂದು ಕುಳಿತರು. ಆ ದೃಶ್ಯ ಬಂದಾಗ ಅವನು ತಾಯಿಯ ಕೈಯನ್ನು ಹಿಡಿದುಕೊಂಡನೋ, ತಾಯಿಯೇ ಅವನ ಕೈಯನ್ನು ಹಿಡಿದುಕೊಂಡರೋ, ನನಗೆ ತಿಳಿಯಲಿಲ್ಲ.

ಮರುದಿನ ನರಕಚತುರ್ದಶಿಯ ಅಭ್ಯಂಜನ. ಎಣ್ಣೆ ಹಚ್ಚಿಸಿಕೊಂಡು ಅವನು ಬಚ್ಚಲಿಗೆ ಹೋದನು. ಚಿಲಕ ಬಿದ್ದ ಸದ್ದು ಅಡಿಗೆಮನೆಯವರೆಗೂ ಕೇಳಿಸಿತು. ಅತ್ತಿಗೆ ನನ್ನ ಮುಖವನ್ನು ನೋಡಿದರು. ಒಳಗಿನಿಂದ ಅವನು ನೀರು ಮುಗಿಯುವವರೆಗೂ ಗಟ್ಟಿಯಾಗಿ, ಬಹಳ ಗಟ್ಟಿಯಾಗಿ ಹಾಡುತ್ತಿದ್ದನು.