ಭೂಮಿಯ ಮೇಲೆ ಬಿದ್ದ ಅನುಮಾನ

ಕೊಪ್ಪಳದ ಬಯಲಲ್ಲಿ ಒಂದು ಕೋಲು ನೆಟ್ಟು ನೋಡಿ. ನವೆಂಬರ್ ಮೊದಲ ವಾರ ಅದರ ನೆರಳು ತೀರಾ ಗಿಡ್ಡವಾಗುವುದು ಸುಮಾರು 12.09ಕ್ಕೆ, ಫೆಬ್ರುವರಿ ಎರಡನೇ ವಾರ 12.39 ದಾಟಿದ ಮೇಲೆ. ನಮ್ಮ ಗಡಿಯಾರ ನಡೆಯುವುದು 82.5 ಡಿಗ್ರಿ ರೇಖಾಂಶದ ಸೂರ್ಯನಂತೆ. ಕೊಪ್ಪಳ ಇರುವುದು 76ರ ಆಸುಪಾಸು, ಡಿಗ್ರಿಗೆ 4 ನಿಮಿಷದಂತೆ 25 ನಿಮಿಷ ಹಿಂದೆ. ಉಳಿದ ಏರಿಳಿತ ಭೂಮಿಯ ಓರೆ ಮತ್ತು ಕಕ್ಷೆಯದು. ಇದೆಲ್ಲ ಹಳೇ ಲೆಕ್ಕ. ತಾಳೆಯಾಗದ ಲೆಕ್ಕ ಬೇರೊಂದಿತ್ತು.

1695ರಲ್ಲಿ ಖಗೋಳಜ್ಞ ಎಡ್ಮಂಡ್ ಹ್ಯಾಲಿ ಪುರಾತನ ಗ್ರಹಣಗಳನ್ನು ಹೋಲಿಸಿ, ಚಂದ್ರನ ವೇಗ ಹೆಚ್ಚುತ್ತಿರುವಂತಿದೆ ಎಂದ. ಉಬ್ಬರವಿಳಿತದ ತಿಕ್ಕಾಟಕ್ಕೆ ಭೂಮಿಯೇ ನಿಧಾನವಾಗುತ್ತಿರಬೇಕೆಂದು 1754ರಲ್ಲಿ ಕಾಂಟ್ ಬರೆದ. ಕೈಯಲ್ಲಿ ಅಳತೆಯಿಲ್ಲದ ತತ್ತ್ವಜ್ಞಾನಿ ಎಷ್ಟು ಸರಿಯಾಗಿ ಊಹಿಸಿದ! ಪುರಾವೆ ಸಿಕ್ಕಿದ್ದು 1939ರಲ್ಲಿ. ಸೂರ್ಯ, ಚಂದ್ರ, ಬುಧ ಮೂರೂ ಲೆಕ್ಕ ತಪ್ಪುತ್ತಿವೆ, ಅದೂ ತಮ್ಮತಮ್ಮ ವೇಗಕ್ಕೆ ತಕ್ಕ ಪ್ರಮಾಣದಲ್ಲಿ ಎಂದು ಖಗೋಳಜ್ಞ ಹೆರಾಲ್ಡ್ ಸ್ಪೆನ್ಸರ್ ಜೋನ್ಸ್ ತೋರಿಸಿದರು. ಮೂರೂ ಮಾತಾಡಿಕೊಂಡು ತಪ್ಪುವುದುಂಟೆ? ಕೆಟ್ಟಿದ್ದದ್ದು ಅವುಗಳನ್ನು ಅಳೆಯುತ್ತಿದ್ದ ಗಡಿಯಾರ, ಅಂದರೆ ಭೂಮಿಯ ತಿರುಗಾಟ.

ಶತಮಾನಕ್ಕೆ ದಿನ ಹಿಗ್ಗುವುದು 2 ಮಿಲಿಸೆಕೆಂಡಿನಷ್ಟು. ಆದರೆ ಅದು ದಿನದಿನವೂ ಕೂಡುತ್ತ ಹೋಗುತ್ತದೆ. ಕುಕನೂರಿನ ಹತ್ತಿರದ ಇಟಗಿಯಲ್ಲಿ ಮಹಾದೇವ ದೇವಾಲಯ ಎದ್ದ 1112ರ ಹೊತ್ತಿನಿಂದ ಈಚೆಗೆ ಈ ವ್ಯತ್ಯಾಸ ಕಾಲು ಗಂಟೆ ಮೀರಿದೆ. ಇದನ್ನು ಬಿಟ್ಟು ಲೆಕ್ಕ ಹಾಕಿದರೆ, ಅಂದು ಇಟಗಿಯ ಮೇಲೆ ಹಾದಿರಬಹುದಾದ ಗ್ರಹಣದ ನೆರಳು ಅರಬ್ಬೀ ಸಮುದ್ರದಲ್ಲಿ ಬೀಳುತ್ತದೆ. ಗ್ರಹಣದ ದಿನ ದಾನ ಕೊಟ್ಟ ಶಾಸನಗಳು ನಮ್ಮಲ್ಲಿ ರಾಶಿ ಇವೆ. ಬೆಂಗಳೂರಿನ ನೆಹರೂ ತಾರಾಲಯದ ಬಿ.ಎಸ್. ಶೈಲಜಾ ಮತ್ತು ಸಂಗಡಿಗರು ಅವುಗಳನ್ನು ಖಗೋಳದ ಕಣ್ಣಿಂದ ಜಾಲಾಡಿದ್ದಾರೆ. ಆದರೆ ಪುಣ್ಯಕ್ಕೆ ತಿಥಿ ಸಾಕಿತ್ತು, ಗಳಿಗೆ ಬರೆಸಿದವರು ಕಡಿಮೆ. ಭೂಮಿಯ ವೇಗ ಅಳೆಯುವವರಿಗೆ ಬೇಕಾದದ್ದು ಆ ಗಳಿಗೆ, ಇಲ್ಲವೇ ಗ್ರಹಣ ಖಗ್ರಾಸವಾಗಿತ್ತೆಂಬ ಒಂದು ಮಾತು.

1955ರಲ್ಲಿ ಇಂಗ್ಲೆಂಡಿನ ಟೆಡಿಂಗ್ಟನ್‌ನಲ್ಲಿ ಲೂಯಿ ಎಸೆನ್ ಮತ್ತು ಜ್ಯಾಕ್ ಪ್ಯಾರಿ ಸೀಸಿಯಂ ಪರಮಾಣು ಗಡಿಯಾರ ನಡೆಸಿದ ಮೇಲೆ ಸೆಕೆಂಡು ಭೂಮಿಯ ಕೈತಪ್ಪಿತು. 1967ರಲ್ಲಿ ಅದಕ್ಕೆ ಸೀಸಿಯಂ ಪರಮಾಣುವೇ ಅಳತೆಗೋಲಾಯಿತು. ಪರಮಾಣು ಮುಂದೆ, ಭೂಮಿ ಹಿಂದೆ; ಎರಡನ್ನೂ ಹೊಂದಿಸಲು 1972ರಿಂದ ಆಗೀಗ ಒಂದು ಸೆಕೆಂಡು ಸೇರಿಸತೊಡಗಿದರು. ಈವರೆಗಿನ 27ರಲ್ಲಿ ಕೊನೆಯದು ನಮ್ಮ ಗಡಿಯಾರಕ್ಕೆ ಬಂದದ್ದು 2017ರ ಜನವರಿ 1ರ ನಸುಕಿನಲ್ಲಿ: 5.29ರ ಆ ನಿಮಿಷಕ್ಕೆ 61 ಸೆಕೆಂಡು. ಕಂಪ್ಯೂಟರುಗಳಿಗೆ ಇದು ಜೀರ್ಣವಾಗದೆ, 2035ರೊಳಗೆ ಈ ಪದ್ಧತಿ ಕೈಬಿಡಲು 2022ರಲ್ಲಿ ನಿರ್ಣಯವಾಗಿದೆ. ಅಷ್ಟರಲ್ಲಿ ಭೂಮಿ ತುಸು ಚುರುಕಾಗಿ, ಒಂದು ಸೆಕೆಂಡು ಕಳೆಯಬೇಕಾದೀತೆಂಬ ಮಾತು ಎದ್ದಿದೆ. ಹಾಗೆ ಕಳೆದ ಉದಾಹರಣೆ ಈವರೆಗೆ ಒಂದೂ ಇಲ್ಲ.