ಕಥೆ ಹೇಳಿ, ಗೆಳೆತನ ಕಲಿಸಿ

‘ಅಮ್ಮಾ, ನಾಳೆಯಿಂದ ನಾ ಆಕಿ ಬಾಜೂಕ ಕುಂದ್ರಲ್ಲ. ಆಕಿ ಮಾತೇ ಬೇರೆ ಐತಿ.’

ಒಂದನೇ ಕ್ಲಾಸಿನ ನನ್ನ ಮಗಳು ಸ್ಕೂಲ್ ಬ್ಯಾಗನ್ನು ಸೋಫಾ ಮೇಲೆ ಎಸೆದು ಹೀಗಂದಾಗ ಟಿಫಿನ್ ಡಬ್ಬಿ ತೆಗೆಯುತ್ತಿದ್ದ ನನ್ನ ಕೈ ಹಾಗೇ ನಿಂತಿತು. ಅವಳ ಕ್ಲಾಸಿಗೆ ಹೊಸದಾಗಿ ಸೇರಿದ ಹುಡುಗಿ ಸಂಡೂರು ಕಡೆಯ ತಾಂಡಾದವಳು. ಅಪ್ಪನ ಕೆಲಸಕ್ಕಾಗಿ ಹೊಸಪೇಟೆಗೆ ಬಂದಿದ್ದಾರೆ. ಮನೆಯಲ್ಲಿ ಲಂಬಾಣಿ ಮಾತು, ಕನ್ನಡ ಇನ್ನೂ ತಡವರಿಸುತ್ತದೆ.

ಎಲ್ಲ ಅಮ್ಮಂದಿರೂ ಮಾಡುವುದನ್ನೇ ನಾನೂ ಮಾಡಿದೆ. ‘ಹಂಗೆಲ್ಲ ಅನ್ನಬಾರದು, ಎಲ್ಲರ ಜೊತೆ ಫ್ರೆಂಡ್ಸ್ ಆಗಿರಬೇಕು’ ಅಂತ ಗದರಿದೆ. ಅವಳು ಥಟ್ಟನೆ, ‘ಮೊನ್ನೆ ನೀನೇ ಅಪ್ಪನ ಹತ್ರ ಹೇಳ್ತಿದ್ದೆಲ್ಲ, ಅವರ ಮಾತು ನಮಗ ತಿಳಿಯಲ್ಲ, ಅವರ ಜೊತಿ ನಮಗೇನು ಅಂತ’ ಅಂದಳು!

ನನ್ನ ಬಾಯಿ ಕಟ್ಟಿತು. ತೋರಣಗಲ್ಲಿನ ಕೆಲಸಕ್ಕೆಂದು ಒಡಿಶಾದಿಂದ ಬಂದು ನಮ್ಮ ಓಣಿಯಲ್ಲಿ ಬಾಡಿಗೆಗಿರುವ ಕುಟುಂಬದ ಬಗ್ಗೆ ಚಹಾ ಕುಡಿಯುತ್ತಾ ಆಡಿದ ಮಾತದು. ನಾವು ಮಕ್ಕಳಿಗೆ ಹೇಳುವ ಬುದ್ಧಿಮಾತು ಅವರ ಕಿವಿಗೆ ಬೀಳದೇ ಇರಬಹುದು. ನಾವು ನಮ್ಮಷ್ಟಕ್ಕೆ ಆಡುವ ಮಾತು ಮಾತ್ರ ತಪ್ಪದೇ ಬೀಳುತ್ತದೆ.

ಅಂದು ರಾತ್ರಿ ಉಪದೇಶ ಬಿಟ್ಟು ಕಥೆ ಹಿಡಿದೆ. ನಮ್ಮ ಕಡೆಯವರು ಕಥೆಗಾಗಿ ದೂರ ಹೋಗಬೇಕಿಲ್ಲ. ಹಂಪಿಯಿಂದ ತುಂಗಭದ್ರೆ ದಾಟಿದರೆ ಸಿಗುವ ಆನೆಗೊಂದಿಯೇ ರಾಮಾಯಣದ ಕಿಷ್ಕಿಂಧೆ ಅನ್ನುವುದು ಇಲ್ಲಿಯ ನಂಬಿಕೆ. ಹಂಪಿಯ ಕೋದಂಡರಾಮ ದೇವಸ್ಥಾನ, ಸುಗ್ರೀವನ ಗುಹೆ ಎರಡನ್ನೂ ಮಗಳು ನೋಡಿದ್ದಾಳೆ. ಅಣ್ಣ ವಾಲಿಯಿಂದ ಊರು ಬಿಡಿಸಿಕೊಂಡ ಸುಗ್ರೀವ ಬೆಟ್ಟದ ಮೇಲೆ ಅಡಗಿದ್ದಾನೆ. ದೂರದಲ್ಲಿ ಇಬ್ಬರು ಅಪರಿಚಿತರು ಬರುತ್ತಿದ್ದಾರೆ. ಅವನಿಗೆ ಭಯ. ಆಗ ಹನುಮಂತ ಮುಂದೆ ಹೋಗಿ ಅವರನ್ನು ಮಾತನಾಡಿಸುತ್ತಾನೆ. ನೋಡಿದರೆ, ಬಂದ ರಾಮನೂ ರಾಜ್ಯ ಬಿಟ್ಟು, ಹೆಂಡತಿಯನ್ನು ಕಳೆದುಕೊಂಡು ಅಲೆಯುತ್ತಿರುವವನೇ!

‘ಸುಗ್ರೀವ ಯಾಕೆ ಹೆದರಿದ?’ ಅಂತ ಕೇಳಿದೆ.

‘ಅವರು ಯಾರಂತ ಅವನಿಗೆ ಗೊತ್ತಿರಲಿಲ್ಲಲ್ಲ.’

‘ಹನುಮಂತ ಹೋಗಿ ಮಾತಾಡಿಸದೇ ಇದ್ದಿದ್ರೆ?’

ಸ್ವಲ್ಪ ಹೊತ್ತು ಯೋಚಿಸಿ, ‘ಇಬ್ರೂ ಒಬ್ಬೊಬ್ರೇ ಇರ್ತಿದ್ರು’ ಅಂದಳು. ನಾನು ಮುಂದೇನೂ ಹೇಳದೆ ಲೈಟ್ ಆರಿಸಿದೆ. ಕತ್ತಲಲ್ಲಿ ಮೆಲ್ಲಗೆ ಅವಳದೇ ದನಿ: ‘ಅಮ್ಮಾ, ಊಟದ ಬೆಲ್ ಆದಾಗ ಆಕಿ ಒಬ್ಬಾಕೀನೇ ಕುಂತಿರ್ತಾಳ.’

ಮರುದಿನವೇ ಎಲ್ಲ ಸರಿಹೋಯಿತು ಅಂತ ಹೇಳಿದರೆ ಸುಳ್ಳಾಗುತ್ತದೆ. ಒಂದು ವಾರವಾದ ಮೇಲೆ ಪೆನ್ಸಿಲ್ ಕೊಟ್ಟಳಂತೆ. ಆಮೇಲೆ ಡಬ್ಬಿ ಹಂಚಿಕೊಂಡಿದ್ದಾರೆ. ‘ಅವರ ಮನ್ಯಾಗ ರೊಟ್ಟಿಗೆ ಬಾಟಿ ಅಂತಾರಂತ’ ಎಂದು ಈಗ ನನಗೇ ಪಾಠ!

ಗದರಿದಾಗ ತಪ್ಪು ನನ್ನದು ಅಂತ ಮಗು ಮುದುಡಿಕೊಳ್ಳುತ್ತದೆ, ಇಲ್ಲವೇ ವಾದಕ್ಕೆ ನಿಲ್ಲುತ್ತದೆ. ಕಥೆಯಲ್ಲಿ ತಪ್ಪು, ಭಯ ಎಲ್ಲ ಸುಗ್ರೀವನದು. ಹಾಗಾಗಿ ಮಗು ಧೈರ್ಯವಾಗಿ ಯೋಚಿಸುತ್ತದೆ, ಇನ್ನೊಬ್ಬರ ಜಾಗದಲ್ಲಿ ನಿಂತು ನೋಡುತ್ತದೆ.

ಸ್ವಲ್ಪ ದೊಡ್ಡ ಮಕ್ಕಳಿಗೆ ಕಂಪ್ಲಿಯ ಕಥೆ ಹೇಳಬಹುದು. 1327ರ ಸುಮಾರಿಗೆ ದೆಹಲಿಯ ಸುಲ್ತಾನ ಮಹಮದ್ ಬಿನ್ ತುಘಲಕ್‌ನ ವಿರುದ್ಧ ಬಂಡೆದ್ದ ಬಹಾವುದ್ದೀನ್ ಎಂಬ ಸರದಾರ ಆಶ್ರಯ ಬೇಡಿ ಕಂಪಿಲರಾಯನ ಬಳಿ ಬಂದ. ಧರ್ಮ ಬೇರೆ, ನಾಡು ಬೇರೆ. ಆದರೂ ನಂಬಿ ಬಂದವನನ್ನು ರಾಯ ಸುಲ್ತಾನನ ಕೈಗೆ ಕೊಡದೆ ಯುದ್ಧದಲ್ಲಿ ಪ್ರಾಣ ಬಿಟ್ಟ. ಪ್ರವಾಸಿ ಇಬ್ನ್ ಬತೂತ ಇದನ್ನು ಬರೆದಿಟ್ಟಿದ್ದಾನೆ.

ಇನ್ನೊಂದು ಮಾತು. ಹೊಸದಾಗಿ ಬಂದ ಮಗುವಿಗೂ ತನ್ನ ಮನೆಯ ಕಥೆ ಹೇಳುವ ಅವಕಾಶ ಬೇಕು. ಆಗಲೇ ಅದಕ್ಕೆ ‘ನಾನೂ ಇಲ್ಲಿಯವಳು’ ಅನ್ನಿಸುವುದು. ಆ ಹುಡುಗಿ ಮನೆಗೆ ಬಂದಾಗ, 2023ರ ಜುಲೈನಲ್ಲಿ ಹಂಪಿಯಲ್ಲಿ ಜಿ-20 ಸಭೆ ನಡೆದಾಗ ಸಂಡೂರಿನ ಲಂಬಾಣಿ ಹೆಣ್ಣುಮಕ್ಕಳ ಕಸೂತಿ ಗಿನ್ನೆಸ್ ದಾಖಲೆ ಸೇರಿದ ಸುದ್ದಿ ಹೇಳಿದೆ. ‘ನಮ್ಮಜ್ಜಿನೂ ಕನ್ನಡಿ ಇಟ್ಟು ಹೊಲಿತಾಳ’ ಅಂತ ಅವಳ ಮುಖ ಅರಳಿತು. ಮಾತಿಗೆ ತಡವರಿಸುತ್ತಿದ್ದವಳು ಹತ್ತು ನಿಮಿಷ ಬಿಡದೆ ಅಜ್ಜಿಯ ಕಥೆ ಹೇಳಿದಳು!

ನೀವೂ ಹೀಗೆ ಮಾಡಿ ನೋಡಿ:

* ದಿನಾ ಮಲಗುವ ಮುಂಚೆ ಹದಿನೈದು ನಿಮಿಷ ಸಾಕು. ಟಿ.ವಿ., ಮೊಬೈಲ್ ಎರಡೂ ಬಂದ್ ಆಗಿರಲಿ.
* ಕಥೆ ಮುಗಿದ ಕೂಡಲೇ ‘ಇದರ ನೀತಿ ಏನಪ್ಪಾ ಅಂದ್ರೆ’ ಅಂತ ಶುರು ಮಾಡಬೇಡಿ. ‘ಅವನಿಗೆ ಹೇಗೆ ಅನ್ನಿಸಿರಬಹುದು?’ ಅಂತ ಕೇಳಿ, ಉತ್ತರಕ್ಕೆ ಕಾಯಿರಿ.
* ಜಗಳವಾದ ದಿನವೇ ಅಂಥದೇ ಕಥೆ ಹೇಳಿದರೆ ಮಕ್ಕಳಿಗೆ ಗೊತ್ತಾಗಿಬಿಡುತ್ತದೆ. ಎರಡು ದಿನ ಬಿಟ್ಟು ಹೇಳಿ. ಆತುರಪಟ್ಟು ಅಂದೇ ಹೇಳಿದ ನನ್ನ ಅದೃಷ್ಟ ಚೆನ್ನಾಗಿತ್ತು, ಅಷ್ಟೇ.
* ಅನುಪಮಾ ನಿರಂಜನ ಅವರ ‘ದಿನಕ್ಕೊಂದು ಕಥೆ’ ಸಂಪುಟಗಳು ಮನೆಯಲ್ಲಿರಲಿ. ಓದಲು ಬರುವ ಮಕ್ಕಳಿಗೆ ‘ತೊತ್ತೋಚಾನ್’ ಕೊಡಿ. ಪೋಲಿಯೊ ಆದ ಗೆಳೆಯನನ್ನು ಅವಳು ಮರ ಹತ್ತಿಸುವ ಪ್ರಸಂಗವನ್ನು ಮಕ್ಕಳು ಮರೆಯುವುದಿಲ್ಲ. ಪ್ರಥಮ್ ಬುಕ್ಸ್‌ನ ಸ್ಟೋರಿವೀವರ್ ತಾಣದಲ್ಲಿ ಕನ್ನಡ ಕಥೆಗಳು ಉಚಿತವಾಗಿ ಸಿಗುತ್ತವೆ.
* ಮಕ್ಕಳ ಎದುರು ನೆರೆಹೊರೆಯವರ ಬಗ್ಗೆ ಆಡುವ ಮಾತಿನ ಮೇಲೆ ಹಿಡಿತವಿರಲಿ.

ಈ ಕೊನೆಯದು ನನಗೆ ನಾನೇ ಹೇಳಿಕೊಂಡಿದ್ದು. ಕಳೆದ ಹಬ್ಬದ ದಿನ ನಾಲ್ಕು ಹೋಳಿಗೆ ಡಬ್ಬಿಗೆ ಹಾಕಿಕೊಂಡು ಆ ಒಡಿಶಾದವರ ಮನೆ ಬಾಗಿಲು ತಟ್ಟಿದೆ. ಅವರಿಗೆ ಕನ್ನಡ ಬಾರದು, ನನ್ನ ಹಿಂದಿಯೂ ಅಷ್ಟಕ್ಕಷ್ಟೇ. ಆದರೂ ಕೂರಿಸಿ ಚಹಾ ಕೊಟ್ಟರು. ಮನೆಗೆ ಬರುವಾಗ ಮಗಳು ನನ್ನ ಕೈ ಹಿಡಿದು ಕೇಳಿದಳು, ‘ಅಮ್ಮಾ, ಇವತ್ತು ಹನುಮಂತ ನೀನೇನು?’